ಬೋರೇಗೌಡನ ಮಳೆತೋಟ ನೋಡಲು ಹೋದದ್ದು

ಗುರುವಾರ ಬೆಳಿಗ್ಗೆ ಏಳೂವರೆಗೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಗ್ರಾಫ್ ಪುಸ್ತಕ, ಮೂರು ದಿನದ ಓಓಡಿ ಪತ್ರ, ಅಂದರೆ ಶಾಲೆಯ ಕೆಲಸದ ಮೇಲೆಯೇ ಹೊರಗೆ ಹೋಗಿದ್ದೇನೆ ಎಂದು ಹೆಡ್ ಮೇಷ್ಟ್ರು ಬರೆದುಕೊಟ್ಟ ಚೀಟಿ. ಹೊಟ್ಟೆಯಲ್ಲಿ ಎರಡು ಇಡ್ಲಿ, ಬೇಕಾದಷ್ಟು ಕಿಚ್ಚು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದೊಂದೇ ಆ ದಿನದ ಒಳ್ಳೆಯ ಸುದ್ದಿ.

ಎಲ್ಲಿಗೆ ಹೊರಟಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಗಮಂಗಲದಲ್ಲಿ ಬೋರೇಗೌಡ ಎಂಬ ವಿಜ್ಞಾನದ ಮೇಷ್ಟ್ರು ತನ್ನ ವಿದ್ಯಾರ್ಥಿಗಳಿಂದ ಒಂದು ಮಳೆತೋಟ ಮಾಡಿಸಿದ್ದ. ಮಳೆ ಬಂದಾಗ ರಸ್ತೆಯ ಮೇಲಿನ ಎಣ್ಣೆ, ಸೋಪಿನ ನೊರೆ, ಸಗಣಿ ಎಲ್ಲ ಕೊಚ್ಚಿಕೊಂಡು ಕೆರೆಗೋ ಹೊಳೆಗೋ ಸೇರುತ್ತದಲ್ಲ, ಅದನ್ನು ದಾರಿಯಲ್ಲೇ ತಡೆದು ಒಂದು ತಗ್ಗಿನ ಪಾತಿಗೆ ಇಳಿಸುವುದು. ಎಲೆಗೊಬ್ಬರದ ಮಣ್ಣು, ಮರಳು, ಜಲ್ಲಿ ಇವುಗಳ ಮೂಲಕ ಸೋಸಿ ನೆಲಕ್ಕೆ ಇಂಗಿಸುವುದು. ಮೇಲೆ ಕಾಬಾಳೆ, ಕೆಸ, ಲಾವಂಚ ನೆಡುವುದು. ನಮ್ಮ ಹಳ್ಳಿ ಮನೆಗಳ ಬಚ್ಚಲ ಹಿಂದೆ ಕಾಬಾಳೆ, ಬಾಳೆ ಇರುತ್ತವಲ್ಲ, ಅದನ್ನೇ ಲೆಕ್ಕ ಹಾಕಿ ಅಚ್ಚುಕಟ್ಟಾಗಿ ಮಾಡಿದರೆ ಮಳೆತೋಟ. ಬೋರನ ತೋಟ ನೋಡಲು ಜನ ಬರುತ್ತಿದ್ದರು. ಪತ್ರಿಕೆಯಲ್ಲಿ ಅವನ ಫೋಟೋ ಬಂದಿತ್ತು.

ಈ ಬೋರ ಮತ್ತು ನಾನು ಮೈಸೂರಿನಲ್ಲಿ ಬಿ.ಎಡ್. ಓದುವಾಗ ಒಂದೇ ರೂಮಿನಲ್ಲಿದ್ದೆವು. ನನ್ನ ರೆಕಾರ್ಡ್ ಪುಸ್ತಕ ನೋಡಿ ಕಾಪಿ ಹೊಡೆದು ಪಾಸಾದವನು ಅವನು. ಎರಡು ವರ್ಷದ ಹಿಂದೆ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಒಬ್ಬರು ಈ ಮಳೆತೋಟದ ಚಿತ್ರ ಬರೆದು ವಿವರಿಸುವಾಗ ಪಕ್ಕದಲ್ಲಿ ಕೂತು ಗೊರಕೆ ಹೊಡೆಯುತ್ತಿದ್ದವನೂ ಅವನೇ. ಸಂಜೆ ಟೀ ಅಂಗಡಿಯಲ್ಲಿ ನಾನೇ ಅವನಿಗೆ ಎಲ್ಲವನ್ನೂ ತಿಳಿಸಿ ಹೇಳಿದೆ, ನೋಟ್ಸನ್ನೂ ಕೊಟ್ಟೆ. ಈಗ ನೋಡಿದರೆ ಫೋಟೋ ಅವನದು. ಸ್ವಾಮಿ, ಯಾರಿಗೆ ತಾನೇ ಉರಿಯುವುದಿಲ್ಲ?

ನಾನೂ ಈ ಸಲ ಜೂನಿನಲ್ಲಿ ನಮ್ಮ ಶಾಲೆಯ ಮುಂದೆ ಮಳೆತೋಟ ಮಾಡಿಸಿದ್ದೆ. ಮೂವತ್ತು ಮಕ್ಕಳು ಎರಡು ವಾರ ದುಡಿದಿದ್ದರು. ಸೆಪ್ಟೆಂಬರಿನ ಹೊತ್ತಿಗೆ ಅದು ಹಸಿರುಗಟ್ಟಿದ ಹೊಂಡವಾಗಿ, ಸೊಳ್ಳೆಗಳ ತವರುಮನೆಯಾಗಿ, ಅಕ್ಕಪಕ್ಕದ ಮನೆಯವರು ಬಂದು ಬೈದು ಹೋಗಿದ್ದರು. ಹೆಡ್ ಮೇಷ್ಟ್ರು ನನ್ನನ್ನು ಕರೆದು, "ನಾಗಮಂಗಲದ್ದು ನೋಡ್ಕೊಂಡು ಬನ್ನಿ ಪುಟ್ಟರಾಜು. ಬಂದು ಸರಿ ಮಾಡಿ. ಇಲ್ದಿದ್ರೆ ಮುಂದಿನ ವಾರ ಮಣ್ಣು ಹೊಡೆಸಿ ಮುಚ್ಚಿಸ್ತೀನಿ" ಎಂದರು. ಮುಚ್ಚಿಸಿದರೆ ಆ ಮಕ್ಕಳ ಮುಖ ಹೇಗೆ ನೋಡುವುದು? ಹೋಗಿ ಬೋರನನ್ನು ಕೇಳೋಣವೆಂದರೆ ನಾಲಿಗೆ ಹೇಗೆ ಏಳುತ್ತದೆ?

ಪಾಂಡವಪುರಕ್ಕೆ ಅರ್ಧ ಗಂಟೆಯ ದಾರಿ, ಟಿಕೆಟ್ಟು ಮೂರು ರೂಪಾಯಿ. ಎರಡೂ ಕಡೆ ಗದ್ದೆ, ನಾಲೆ, ಕಬ್ಬು. ಆಕಾಶ ತೊಳೆದಿಟ್ಟಂತೆ ಸ್ವಚ್ಛವಾಗಿತ್ತು. ಊರಾಚೆಯ ಒಂದು ಶಾಲೆಯಲ್ಲಿ ಸಾವಿತ್ರಮ್ಮ ಎಂಬ ವಿಜ್ಞಾನದ ಟೀಚರ್ ಕೂಡ ಮಳೆತೋಟ ಮಾಡಿಸಿದ್ದಾರೆಂದು ಕೇಳಿ, ದಾರಿಯಲ್ಲೇ ಇದೆಯಲ್ಲ ಎಂದು ಇಳಿದೆ. ಕಬ್ಬಿನ ಗಾಡಿಗಳ ಹಿಂದೆ ಒಂದೂವರೆ ಮೈಲಿ ನಡೆದೆ.

ಶಾಲೆಯ ಮೂಲೆಯಲ್ಲಿದ್ದ ಪಾತಿ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅದರೊಳಗೆ ಮೊಳಕಾಲುದ್ದ ನೀರು ನಿಂತಿತ್ತು, ನೀರಿನಲ್ಲಿ ಸಾಲು ಹಿಡಿದು ಭತ್ತದ ಪೈರು ನಿಂತಿತ್ತು.

"ನಗಬೇಡಿ ಸಾರ್," ಎಂದರು ಸಾವಿತ್ರಮ್ಮ. "ನೀರು ಇಂಗಲೇ ಇಲ್ಲ. ರಜ ಮುಗಿಸ್ಕೊಂಡು ಬರೋ ಅಷ್ಟರಲ್ಲಿ ನಮ್ಮ ಅಟೆಂಡರ್ರು ನಾಟಿ ಹಾಕ್ಬಿಟ್ಟಿದಾರೆ."

ಅಟೆಂಡರು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. "ನೀರು ನಿಂತದೆ, ಸುಮ್ಕೆ ಯಾಕ್ ಬುಡಬೇಕು ಸಾ? ಒಂದೆಲ್ಡು ಸೇರಾದ್ರೂ ಅಕ್ಕಿ ಆಯ್ತದೆ. ಮಕ್ಳ ಬಾಯಿಗಾದ್ರೂ ಬೀಳ್ತದೆ" ಎಂದ. ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಾಯಿತು. ನನ್ನದಕ್ಕಿಂತ ಅಧ್ವಾನವಾದದ್ದು ಇನ್ನೊಂದಿದೆ ಎಂದು ಎದೆ ಹಗುರಾಗಿ, ಟೀಚರ್ ಕೊಟ್ಟ ಕಾಫಿಯನ್ನು ಸಂತೋಷವಾಗಿ ಕುಡಿದೆ. ಆ ಸಂತೋಷ ಲೋಟ ಕೆಳಗಿಡುವವರೆಗೂ ಉಳಿಯಲಿಲ್ಲ. "ಮುಂದಿನ ತಿಂಗಳು ಬೋರೇಗೌಡ್ರು ಬರ್ತಾರಂತೆ ಸಾರ್," ಎಂದರು ಆಕೆ. "ಇಡೀ ಜಿಲ್ಲೆಗೆ ಅವ್ರೇ ತರಬೇತಿ ಕೊಡ್ಲಿ ಅಂತ ಮಾಡ್ತಿದಾರಂತೆ. ಎಷ್ಟು ಬುದ್ಧಿವಂತರು ಅಲ್ವಾ? ನಿಮಗೆ ಪರಿಚಯಾನಾ?"

"ಅಷ್ಟಾಗಿ ಇಲ್ಲ" ಎಂದೆ.

ಮಧ್ಯಾಹ್ನ ಒಂದು ಗಂಟೆಗೆ ಕೆ.ಆರ್. ಪೇಟೆಯ ಬಸ್ಸು ಸಿಕ್ಕಿತು. ಕಾಲಿಡಲು ಜಾಗವಿಲ್ಲ. ಬೂಕನಕೆರೆಯವರೆಗೆ ನಿಂತೇ ಹೋದೆ. ಅಲ್ಲಿ ತರಕಾರಿ ಮಂಕರಿಗಳ ಹೆಂಗಸರು ಇಳಿದ ಮೇಲೆ ಕೂರಲು ಸಿಕ್ಕಿತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು, ಇಡೀ ಜಿಲ್ಲೆಗೆ ಬೋರ. ಗೊರಕೆ ಹೊಡೆದವನು ಜಿಲ್ಲೆಗೆ ಗುರು, ನೋಟ್ಸ್ ಬರೆದವನು ಹೊಂಡದ ಒಡೆಯ. ಹೊರಗೆ ಗದ್ದೆಗಳು ಕಡಿಮೆಯಾಗಿ ರಾಗಿ ಹೊಲಗಳು ಶುರುವಾದದ್ದನ್ನು ನಾನು ನೋಡಿದೆನಷ್ಟೆ, ಗಮನಿಸಲಿಲ್ಲ.

ಕೆ.ಆರ್. ಪೇಟೆಯಿಂದ ಎರಡು ಮೈಲಿ ದೂರದ ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಭಾವನಿಗೆ ಮಳೆ ನಂಬಿದ ಹೊಲ, ನಾಲ್ಕು ಹಸು. ಸಂಜೆ ಅಕ್ಕ ಮುದ್ದೆ, ಹುರುಳಿ ಸಾರು ಬಡಿಸುತ್ತಾ, "ಬೋರ ಅಂತ ನಿನ್ ಜೊತೆ ಓದಿದ್ನಲ್ಲ, ನಮ್ಮನೇಗೂ ಒಂದ್ ಸಲ ಬಂದಿದ್ದ, ಅವುನ್ದು ಪೇಪರ್ನಾಗೆ ಫೋಟೋ ಬಂದದೆ ಕಣ್ಲಾ. ಎಂಗ್ ಮಿಂಚ್ತಾವ್ನೆ!" ಎಂದಳು.

"ಸಾರಿಗೆ ಉಪ್ಪು ಕಮ್ಮಿ" ಎಂದೆ.

"ಮೊದ್ಲು ಸರಿಯಾಗೇ ಇತ್ತು, ಈಗೇನಾಯ್ತು?" ಎಂದು ಅಕ್ಕ ನನ್ನ ಮುಖವನ್ನೇ ನೋಡಿದಳು.

ಊಟ ಆದ ಮೇಲೆ ಜಗಲಿಯಲ್ಲಿ ಭಾವನಿಗೆ ನನ್ನ ಗ್ರಾಫ್ ಪುಸ್ತಕ ತೋರಿಸಿದೆ. ಅಂಗಳ ಎಷ್ಟು ಹೆಜ್ಜೆ, ರಸ್ತೆಯ ಇಳಿಜಾರು ಎಷ್ಟು, ಪಾತಿ ಎಷ್ಟು ಆಳ, ಎಲ್ಲ ನನ್ನ ಮಕ್ಕಳು ಅಳೆದು ಬರೆದದ್ದು. ಒಂದು ಗೆರೆಯೂ ಅಡ್ಡಾದಿಡ್ಡಿ ಇರಲಿಲ್ಲ. ಭಾವ ಓದಿದ್ದು ನಾಲ್ಕನೇ ಕ್ಲಾಸು. ಪುಸ್ತಕವನ್ನು ತಲೆಕೆಳಗು ಹಿಡಿದು ನೋಡಿ, ಸರಿ ಮಾಡಿಕೊಂಡು, "ತಳ ಏನ್ ಮಾಡುದ್ರಿ?" ಎಂದು ಕೇಳಿದರು.

"ತಳ ಏನು ಮಾಡೋದು? ನೀರು ಬಿಟ್ಟು ಮಕ್ಕಳೆಲ್ಲ ಸಾಲಾಗಿ ನಿಂತು ಚೆನ್ನಾಗಿ ತುಳಿದ್ರು. ಎಲ್ಲ ಗದ್ದೆ ಮನೆ ಮಕ್ಕಳು ಭಾವ, ತುಳಿಯೋದು ಹೇಳ್ಕೊಡಬೇಕಾ? ಕನ್ನಡಿ ಥರಾ ಮಾಡಿದ್ರು. ನಾನೂ ಪ್ಯಾಂಟ್ ಮಡಚಿ ಇಳಿದಿದ್ದೆ."

"ತುಳುದ್ರಾ?" ಭಾವ ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು. "ಅಯ್ಯೋ ನಿನ್ ಮನೆ ಕಾಯ್ವಾಗ! ಗದ್ದೆ ಯಾಕಪ್ಪ ತುಳಿಯಾದು? ನೀರು ಕೆಳಕ್ಕೆ ಇಳೀದೆ ನಿಂತ್ಕಳ್ಲಿ ಅಂತ. ನಿನ್ ತೋಟದ ನೀರು ಇಳೀಬೇಕು ಅಂತೀಯ. ತುಳುದ್ರೆ ಎಲ್ಲಿಗ್ ಇಳಿಯಾದು? ನೀನ್ ತೋಟ ಮಾಡಿಲ್ಲ ಕಣಪ್ಪ, ಗದ್ದೆ ಮಾಡಿದ್ದೀಯ!"

ನಾನು ಗ್ರಾಫ್ ಪುಸ್ತಕ ಮುಚ್ಚಿದೆ. ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರು ನಾನು. ಸಾವಿತ್ರಮ್ಮನ ಪಾತಿಯಲ್ಲಿ ಭತ್ತ ಯಾಕೆ ಅಷ್ಟು ಹುಲುಸಾಗಿತ್ತೆಂದು ಈಗ ಅರ್ಥವಾಯಿತು. ನಾಲೆ ಬಯಲಿನ ನಮಗೆ ಪಾತಿ ಅಂದ ಕೂಡಲೇ ಕಾಲು ತಾನಾಗಿ ತುಳಿಯುತ್ತದೆ. ಬೋರನ ಮಕ್ಕಳು ರಾಗಿ ಹೊಲದವರು, ಅವರ ಕಾಲಿಗೆ ಆ ಚಟವಿಲ್ಲ. ಅಂದರೆ ಬೋರ ಬುದ್ಧಿಯಿಂದ ಗೆದ್ದದ್ದಲ್ಲ, ಹುಟ್ಟಿದ ಜಾಗದಿಂದ ಗೆದ್ದದ್ದು! ಹಾಗೆಂದುಕೊಂಡ ಮೇಲೆ ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು, ಇನ್ನಷ್ಟು ಉರಿಯಿತು.

ಮಾರನೆಯ ದಿನ ಶುಕ್ರವಾರ ಎಂಟು ಗಂಟೆಗೆ ನಾಗಮಂಗಲದ ಬಸ್ಸು. ಒಂದೂವರೆ ಗಂಟೆಯ ದಾರಿ, ರಸ್ತೆ ಕೆಟ್ಟಿತ್ತು, ಮೋಡ ಕಟ್ಟುತ್ತಿತ್ತು. ಕಾರಣ ತಿಳಿಯಿತಲ್ಲ, ಇನ್ನು ಬೋರನ ಹತ್ತಿರ ಕೇಳುವುದೇನಿದೆ, ಕೆ.ಆರ್. ಪೇಟೆಯಿಂದಲೇ ವಾಪಸು ಹೋಗಬಹುದಿತ್ತು. ಆದರೆ ಅವನ ತೋಟವನ್ನು ನೋಡಲೇಬೇಕೆಂಬ ಚಪಲ. ಅದರಲ್ಲಿ ಏನಾದರೊಂದು ಹುಳುಕು ಸಿಕ್ಕೀತೆಂಬ ಆಸೆಯೂ ಇತ್ತು.

ನಾನು ಬರುವ ಸುದ್ದಿ ಮೊದಲೇ ಮುಟ್ಟಿತ್ತು, ಬೋರ ಶಾಲೆಯ ಗೇಟಿನಲ್ಲೇ ಕಾಯುತ್ತಿದ್ದ. ಕುಳ್ಳ, ದಪ್ಪ ಮೀಸೆ, ಮೈಕು ಬೇಡದ ಗಂಟಲು. "ಲೇ ಪುಟ್ಟ! ಬಂದ್ಯೇನ್ಲಾ! ಎಷ್ಟ್ ವರ್ಷಕ್ಕೆ ಬಂದ್ಯೋ ಕಳ್ ನನ್ ಮಗ್ನೆ!" ಎಂದು ಮಕ್ಕಳೆದುರಿಗೇ ಅಪ್ಪಿಕೊಂಡು ಬೆನ್ನಿಗೆ ಗುದ್ದಿದ. ಆಮೇಲೆ ಒಂಬತ್ತನೇ ಕ್ಲಾಸಿಗೆ ಕರೆದುಕೊಂಡು ಹೋಗಿ, "ನೋಡ್ರೋ, ಮಳೆತೋಟ ಅಂದ್ರೆ ಏನು ಅಂತ ನಂಗೆ ಹೇಳ್ಕೊಟ್ಟವ್ರು ಇವ್ರೇ. ನಿಮ್ ಮೇಷ್ಟ್ರಿಗೆ ಮೇಷ್ಟ್ರು" ಎಂದ. ಮಕ್ಕಳೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ಅವನು ನನ್ನ ಹೆಸರೆತ್ತದೆ ಇದ್ದಿದ್ದರೆ ಬೈದುಕೊಳ್ಳಲು ಸುಲಭವಾಗುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು. ಎಲ್ಲರೂ ಗೋಣಿಚೀಲ ಹೊದ್ದು ತೋಟದ ಹತ್ತಿರ ಓಡಿದೆವು. ಶಾಲೆಯ ಮೇಲ್ಭಾಗದಲ್ಲಿ ಲಾರಿ ರಿಪೇರಿ ಮಾಡುವ ಗ್ಯಾರೇಜುಗಳ ಸಾಲು. ಅಲ್ಲಿಂದ ಕರಿನೀರು ಬಣ್ಣ ಬಣ್ಣದ ಎಣ್ಣೆಯ ಪೊರೆ ಹೊತ್ತು ಇಳಿದು ಬಂದು, ಕಲ್ಲು ಜೋಡಿಸಿದ ಬಾಯಿಯಿಂದ ಪಾತಿಗೆ ನುಗ್ಗಿತು. ಕಾಬಾಳೆಯ ಬುಡದಲ್ಲಿ ಸುತ್ತು ಹೊಡೆಯಿತು, ನಿಂತಿತು, ಮೆಲ್ಲಗೆ ಇಳಿಯತೊಡಗಿತು. ಮಳೆ ನಿಂತ ಮೇಲೆ ಒಂದು ಪೀರಿಯಡ್ ಕಳೆಯುವಷ್ಟರಲ್ಲಿ ಪಾತಿಯಲ್ಲಿ ಒದ್ದೆ ಎಲೆ ಬಿಟ್ಟು ಏನೂ ಉಳಿಯಲಿಲ್ಲ. ಶೋಭ ಎಂಬ ಹುಡುಗಿ ಎರಡು ಬಾಟಲಿ ತಂದು ತೋರಿಸಿದಳು. ಒಂದರಲ್ಲಿ ಒಳಗೆ ಬಂದ ಕರಿನೀರು, ಇನ್ನೊಂದರಲ್ಲಿ ತಳದ ಕೊಳವೆಯಿಂದ ಹಿಡಿದ ತಿಳಿನೀರು.

ಆ ಬಾಟಲಿಯನ್ನು ನಾನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಹುಳುಕೂ ಸಿಗಲಿಲ್ಲ.

"ನಿಮ್ ಸ್ಕೂಲಿಂದು ಎಂಗದೆ ಸಾ?" ಎಂದು ಶೋಭ ಕೇಳಿದಳು. "ನೀವು ಮೇಷ್ಟ್ರಿಗೇ ಮೇಷ್ಟ್ರು, ನಮ್ದುಕ್ಕಿಂತ ಚೆಂದಾಗಿರ್ಬೇಕು."

ಬೋರನೂ ನನ್ನ ಕಡೆ ನೋಡಿದ. "ಚೆನ್ನಾಗಿದೆ," ಎಂದೆ. "ಹೊಳೆ ಪಕ್ಕ ಅಲ್ವಾ, ಇನ್ನೂ ದೊಡ್ಡದು."

ರಾತ್ರಿ ಬೋರನ ಮನೆಯಲ್ಲಿ ನಾಟಿಕೋಳಿ ಸಾರು. ನನಗೆ ರುಚಿಯೇ ಹತ್ತಲಿಲ್ಲ.

ಶನಿವಾರ ಬೆಳಿಗ್ಗೆ ಶಾಲೆ ಅರ್ಧ ದಿನ. ಸಂತೆಮಾಳದ ಪಕ್ಕ, ಬಸ್ಸು ಹೋಗುವ ರಸ್ತೆಗೆ ಅಂಟಿದಂತೆ, ಒಂಬತ್ತನೆಯವರು ಎರಡನೆಯ ತೋಟ ಮಾಡುತ್ತಿದ್ದರು. ಮೊದಲಿನದನ್ನು ಮಾಡಿದ ಮಕ್ಕಳು ಪಾಸಾಗಿ ಹೋಗಿದ್ದರು. ಇವರಿಗೆ ಇದು ಹೊಸತು. ಸಂತೆಯ ಕೊಳೆನೀರು ಕೆರೆಗೆ ಹೋಗುವ ಜಾಗವದು. ಮಕ್ಕಳೇ ಹೆಜ್ಜೆ ಹಾಕಿ ಮಾಳವನ್ನು ಅಳೆದಿದ್ದರು, ಗಾರೆಯವರ ನೀರಿನ ಪೈಪು ಹಿಡಿದು ಇಳಿಜಾರು ನೋಡಿದ್ದರು, ಪಾತಿ ತೋಡಿ ಮುಗಿಸಿದ್ದರು. ಜಲ್ಲಿ ಸುರಿಯುವುದು ಬಾಕಿ. ಅಷ್ಟರಲ್ಲಿ ಬೋರನಿಗೆ ಶಿಕ್ಷಣ ಇಲಾಖೆಯ ಕಚೇರಿಯಿಂದ ಕರೆ ಬಂತು. "ತರಬೇತಿ ವಿಚಾರ ಅಂತೆ ಕಣ್ಲಾ. ಒಂದ್ ಗಳಿಗೇಲಿ ಬಂದ್ಬುಡ್ತೀನಿ. ನೀನಿದ್ದೀಯಲ್ಲ, ನಂಗೇನ್ ಯೋಚ್ನೆ" ಎಂದು ಸೈಕಲ್ ಹತ್ತಿ ಹೋದ.

ತರಬೇತಿ ವಿಚಾರ! ಅದೊಂದು ಮಾತು ಆಡದೆ ಹೋಗಿದ್ದರೆ ಚೆನ್ನಾಗಿತ್ತು.

ಶೋಭ ಪಾತಿಯೊಳಗೆ ನಿಂತು ಕೇಳಿದಳು. "ಸಾ, ತಳ ತುಳೀಬೇಕಾ, ಇಂಗೇ ಬುಡಬೇಕಾ?"

"ತುಳೀರಿ" ಎಂದೆ.

"ಹಳೇ ತೋಟ ಮಾಡುವಾಗ ತುಳೀಲಿಲ್ಲ ಅಂತ ನಮ್ಮಕ್ಕ ಅಂತಿದ್ಲು ಸಾ."

"ಅಲ್ಲಿ ಮಣ್ಣೇ ಬೇರೆ, ಇಲ್ಲಿ ಮಣ್ಣೇ ಬೇರೆ. ನೀರು ಬಿಟ್ಟು ಚೆನ್ನಾಗಿ ತುಳೀರಿ. ಕನ್ನಡಿ ಥರಾ ಆಗಬೇಕು."

ಮೇಷ್ಟ್ರಿಗೆ ಮೇಷ್ಟ್ರು ಹೇಳಿದ ಮೇಲೆ ಇನ್ನೇನು? ಬಿಂದಿಗೆ ಬಿಂದಿಗೆ ನೀರು ತಂದು ಸುರಿದರು, ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ಜಾರಿ ಬೀಳುತ್ತಾ ನಗುತ್ತಾ ತುಳಿದರು. ನಾನು ದಡದ ಮೇಲೆ ನಿಂತು ಬಾಯಿಪಾಠದಂತೆ ಅಲ್ಲಿ ಒತ್ತಿ, ಇಲ್ಲಿ ಒತ್ತಿ ಎನ್ನುತ್ತಿದ್ದೆ. ಮುಂದಿನ ಮಳೆಗೆ ಬೋರನ ತೋಟದಲ್ಲೂ ಸೊಳ್ಳೆ ಏಳಲಿ, ಫೋಟೋದವರು ಬಂದು ಅದನ್ನೂ ತೆಗೆಯಲಿ. ನನ್ನ ಮನಸ್ಸಿನಲ್ಲಿದ್ದದ್ದು ಅಷ್ಟೆ, ಮುಚ್ಚಿಡುವುದೇನು? ಹನ್ನೊಂದಕ್ಕೆ ಶ್ರೀರಂಗಪಟ್ಟಣದ ಬಸ್ಸಿತ್ತು. ಬೋರ ಬರುವುದನ್ನು ಕಾಯದೆ ಹತ್ತಿದೆ. ಮಕ್ಕಳು ಕೆಸರುಗೈ ಬೀಸಿ ಕಳಿಸಿಕೊಟ್ಟರು.

ಬಸ್ಸು ಖಾಲಿಯಿತ್ತು, ಗಾಳಿ ತಂಪಾಗಿತ್ತು, ನನಗೆ ಮಾತ್ರ ಕೂರಲಾಗುತ್ತಿರಲಿಲ್ಲ. ನನ್ನ ಮೂವತ್ತು ಮಕ್ಕಳು ಹೀಗೇ ನಗುತ್ತಾ ತುಳಿದಿದ್ದರು. ಆಮೇಲೆ ದಿನಾ ಬೆಳಿಗ್ಗೆ ಹೊಂಡದ ಪಕ್ಕ ನಿಂತು, "ಇವತ್ತಾದರೂ ಇಂಗ್ತದಾ ಸಾ?" ಎಂದು ಕೇಳುತ್ತಿದ್ದರು. ಅವರಿಗೆ ಆದದ್ದು ನನಗೆ ಗೊತ್ತಿಲ್ಲದೆ ಆದದ್ದು. ಈ ಮಕ್ಕಳಿಗೆ ಗೊತ್ತಿದ್ದೂ ಮಾಡಿದೆನಲ್ಲ. ಥೂ ನನ್ನ ಜನ್ಮಕ್ಕೆ ಎನಿಸಿತು. ಜಕ್ಕನಹಳ್ಳಿಯಲ್ಲಿ ಇಳಿದುಬಿಟ್ಟೆ. ಕಂಡಕ್ಟರ್, "ಟಿಕೆಟ್ ಪಟ್ಟಣಕ್ಕಲ್ವಾ ತಗಂಡಿದ್ದು?" ಎಂದ. ವಾಪಸ್ ಬಸ್ಸಿಗೆ ಎರಡು ಗಂಟೆ ಕಾದೆ. ಒಂದು ಬನ್ನು, ಎರಡು ಕಾಫಿ.

ನಾಗಮಂಗಲ ತಲುಪಿದಾಗ ಮೂರು ಗಂಟೆ. ಶಾಲೆ ಬಿಟ್ಟಿದ್ದರೂ ಮಕ್ಕಳು ಮನೆಗೆ ಹೋಗಿರಲಿಲ್ಲ. ಬೋರ ಪಂಚೆ ಎತ್ತಿಕಟ್ಟಿ ಹಾರೆ ಹಿಡಿದಿದ್ದ. ಎಲ್ಲರೂ ಸೇರಿ ತುಳಿದ ತಳವನ್ನು ಮತ್ತೆ ಅಗೆಯುತ್ತಿದ್ದರು. ನನ್ನನ್ನು ಕಂಡು ಅವನ ಮುಖ ಅರಳಿತು.

"ಬಾರೋ ಪುಟ್ಟ! ಯಾಕ್ಲಾ ವಾಪಸ್ ಬಂದೆ? ಓಗ್ಲಿ ಬುಡು, ತಲೆ ಕೆಡಿಸ್ಕೊಬ್ಯಾಡ. ಒಂದ್ ಬಿಂದಿಗೆ ನೀರ್ ಉಯ್ದು ನೋಡ್ದೆ, ಅಂಗೇ ನಿಂತಿತ್ತು. ಗದ್ದೆ ಸೀಮೆಯೋನು ನೀನು, ತಿಳೀದೆ ಹೇಳಿದ್ದೀಯ. ಮಕ್ಳಿಗೂ ಅದೇ ಹೇಳ್ದೆ."

ತಪ್ಪಿಸಿಕೊಳ್ಳಲು ಬಾಗಿಲು ಪೂರಾ ತೆರೆದಿತ್ತು. ಹೌದು ಕಣೋ, ತಿಳೀಲಿಲ್ಲ ಎಂದುಬಿಟ್ಟರೆ ಆಯಿತು, ನಕ್ಕು ಟೀ ಕುಡಿದು ಹೊರಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ತಿಳಿದಿತ್ತು," ಎಂದೆ. "ಮೊನ್ನೆ ನಮ್ಮ ಭಾವ ಹೇಳಿದ್ರು. ಗೊತ್ತಿದ್ದೇ ಹೇಳ್ದೆ. ನಮ್ಮ ಸ್ಕೂಲಿನ ತೋಟ ಚೆನ್ನಾಗಿಲ್ಲ ಕಣೋ, ಹೊಂಡ ಆಗಿದೆ."

ಗುದ್ದಲಿಗಳೆಲ್ಲ ನಿಂತವು. ಶೋಭ ಕೆಸರುಗೈಯಿಂದ ಕೂದಲು ಸರಿಸಿಕೊಂಡು, "ಮತ್ಯಾಕ್ ಸಾ ಅಂಗಂದ್ರಿ?" ಎಂದಳು.

"ಹೊಟ್ಟೆಕಿಚ್ಚು ಕಣಮ್ಮ. ನಿಮ್ಮ ಮೇಷ್ಟ್ರ ಮೇಲೆ."

ಯಾರೋ ಒಬ್ಬ ಹುಡುಗ ಕಿಸಕ್ಕೆಂದ, ಪಕ್ಕದವನು ತಿವಿದ. ಬೋರ ಹಾರೆಯನ್ನು ನೆಲಕ್ಕೆ ಊರಿ ಕೈಯ ಮಣ್ಣು ಕೊಡವಿಕೊಂಡ. ಆಮೇಲೆ ಮೇಲೆ ಬಂದು ನನ್ನ ಗ್ರಾಫ್ ಪುಸ್ತಕ ಇಸಿದುಕೊಂಡ. ಎಲ್ಲೆಲ್ಲಿ ಹಾರೆ ಹಾಕಬೇಕು, ತುಳಿದ ಪದರವನ್ನು ಎಷ್ಟು ಆಳಕ್ಕೆ ಒಡೆಯಬೇಕು, ಜಲ್ಲಿ ಎಷ್ಟು, ಮರಳು ಎಷ್ಟು, ಹೆಚ್ಚಾದ ನೀರಿಗೆ ಕೋಡಿ ಎಲ್ಲಿ, ಎಲ್ಲವನ್ನೂ ನಿಧಾನವಾಗಿ ಗುರುತು ಹಾಕಿದ. ನೀರು ಹೊಯ್ದು ಗಡಿಯಾರ ಹಿಡಿದು ಪರೀಕ್ಷೆ ಮಾಡುವುದನ್ನು ಎರಡೆರಡು ಸಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, "ಇಷ್ಟು ಮಾಡಿದ್ರೆ ಇಂಗುತ್ತೆ ಮೇಷ್ಟ್ರೇ. ಬಸ್ಸಿಗೆ ಹೊತ್ತಾಯ್ತು, ಹೊರಡಿ" ಎಂದು ಪಾತಿಗೆ ಇಳಿದ. ಪುಟ್ಟ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿಗೆ ನಾನೊಬ್ಬನೇ ನಡೆದೆ. ನಾಲ್ಕೂಮುಕ್ಕಾಲಿಗೆ ಬಸ್ಸು ಹೊರಟು ಸಂತೆಮಾಳದ ಪಕ್ಕ ಕತ್ತೆಗಳ ಹಿಂಡೊಂದು ಅಡ್ಡ ಬಂದದ್ದರಿಂದ ನಿಂತಿತು. ಕಿಟಕಿಯಿಂದ ಪಾತಿ ಕಾಣುತ್ತಿತ್ತು. ಶೋಭ ನನ್ನನ್ನು ನೋಡಿ, ಕೈ ಎತ್ತಲೋ ಬೇಡವೋ ಎಂಬಂತೆ ಅರ್ಧ ಎತ್ತಿದಳು. ಬೋರ ಬಸ್ಸಿಗೆ ಬೆನ್ನು ಹಾಕಿ ಅಗೆಯುತ್ತಿದ್ದ. ಕಿಸಕ್ಕೆಂದಿದ್ದ ಹುಡುಗನ ಗುದ್ದಲಿ ಜಾರಿತೆಂದು ಕಾಣುತ್ತದೆ, "ಲೇ, ಕಾಲ್ ಮೇಲೆ ಹಾಕ್ಕಂಡಿಯ ಕಣ್ಲಾ, ಸರಿಯಾಗ್ ಹಿಡ್ಕೊ ಕಳ್ ನನ್ ಮಗ್ನೆ!" ಎಂಬ ಅವನ ದನಿ ಬಸ್ಸಿನವರೆಗೂ ಕೇಳಿಸಿತು.

ಬಸ್ಸು ಹೊರಟಿತು. ಜಿಲ್ಲೆಗೆಲ್ಲ ಅವನೇ ತರಬೇತಿ ಕೊಡಲಿ, ಅವನ ಫೋಟೋ ದಿನಾ ಬರಲಿ, ನನಗೇನೂ ಅನ್ನಿಸಲಿಲ್ಲ. ಆ ಹುಡುಗನ ಮೇಲೆ ಮಾತ್ರ, ಪಾಂಡವಪುರ ದಾಟುವವರೆಗೂ, ಹೊಟ್ಟೆ ಉರಿಯುತ್ತಲೇ ಇತ್ತು.